ಕಡಲು ಕೊಂಡೊಯ್ಯದವನು

ನನ್ನ ತಮ್ಮ ಚನ್ನಬಸಪ್ಪ ಸಮುದ್ರದಲ್ಲಿ ಮುಳುಗಿ ಸಾಯಲಿಲ್ಲ. ಅವನು ಸತ್ತಿಲ್ಲವೆಂದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ, ಅವನ ಹೆಂಡತಿ ಗಿರಿಜೆಯ ಬಳೆ ಒಡೆಯುವಾಗ ಅವಳ ಮುಂಗೈ ಹಿಡಿದು ಕುಳಿತವಳು ನಾನೇ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಒಮ್ಮೆ ಹೇಳಿದೆ. ಯಾರಿಗೆ ಹೇಳಬೇಕಿತ್ತೋ ಅವಳಿಗೇ ಹೇಳಿದೆ. ಅದು ಹೇಳದೇ ಇದ್ದುದಕ್ಕಿಂತ ಕೆಟ್ಟದ್ದಾಯಿತು. ಮೊದಲಿನಿಂದ ಹೇಳಿಬಿಡುತ್ತೇನೆ, ಮಧ್ಯದಿಂದ ಶುರುಮಾಡಿದರೆ ನನಗೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಅಪ್ಪನ ಖಾನಾವಳಿ ಇತ್ತು. ಹತ್ತಿ ವ್ಯಾಪಾರಕ್ಕೆ ಬಂದವರು, ಅಂಗಡಿ ಗುಮಾಸ್ತರು, ಊರಿಂದ ಗಾಡಿ ಹೊಡೆದುಕೊಂಡು ಬಂದ ರೈತರು ನಮ್ಮಲ್ಲಿ ರೊಟ್ಟಿ ಊಟ ಮಾಡುತ್ತಿದ್ದರು. ನಾನು ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು, ಆನಗೋಡಿನ ಆ ಮನೆ ಬಿಟ್ಟು, ತವರಿಗೆ ಬಂದು ಒಲೆಯ ಮುಂದೆ ಕುಳಿತವಳು. ನಮ್ಮ ಜನರ ಕೆಲವು ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ಉಡಿಕೆ ಮಾಡುತ್ತಾರೆ — ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುತ್ತಾರೆ. ನನಗೂ ಒಂದೆರಡು ಕಡೆಯಿಂದ ಮಾತು ಬಂದಿತ್ತು. ಅಪ್ಪ, "ನಮ್ಮ ಮನೆತನದಾಗೆ ಅದು ಇಲ್ಲ" ಎಂದುಬಿಟ್ಟರು. ಆ ಮಾತು ಅಲ್ಲಿಗೇ ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ.

ಕನ್ನಡ ನಾಡು ಒಂದಾದ ಕಾಲ ಅದು. ಕಾರವಾರದ ಕಡೆಯ ಕರಾವಳಿಯೂ ನಮ್ಮದೇ ಸೀಮೆ ಎನ್ನುವಂತಾಗಿತ್ತು. ಮಂಡಿಪೇಟೆಯ ನಾಲ್ಕಾರು ವರ್ತಕರು ಸೇರಿ, ಕುಮಟೆಯ ಆಚೆ ಒಂದು ಸಣ್ಣ ಕಡಲೂರಿನಲ್ಲಿ ಸಾಲಾಗಿ ಹಂಚಿನ ಮನೆ ಕಟ್ಟಿಸಿದರು. ಯುಗಾದಿ ಕಳೆದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವುದು, ಮೊದಲ ಮಳೆ ಬೀಳುವ ಹೊತ್ತಿಗೆ ವಾಪಸು ಬರುವುದು. ಡಾಕ್ಟರು ಹವಾ ಬದಲಾವಣೆ ಆಗಬೇಕು ಅಂದಿದ್ದಾರೆ ಎನ್ನುವುದು ಎಲ್ಲರ ಬಾಯಲ್ಲೂ ಇದ್ದ ನೆಪ. ಊರವರು ಆ ಸಾಲನ್ನು ದಾವಣಗೆರೆಯವರ ಕೇರಿ ಎಂದೇ ಕರೆದರು. ಆದರೆ ಅಲ್ಲಿ ಊಟದ ಪಾಡು ಹೇಗೆ? ಮೀನಿನ ಊರು. ಜೋಳದ ಹೆಸರು ಕೇಳಿದವರಿಲ್ಲ. ವರ್ತಕರು ಅಪ್ಪನನ್ನು ಕರೆದು, ಬೇಸಿಗೆಯಲ್ಲಿ ಒಂದು ಒಲೆ ಅಲ್ಲಿಯೂ ಹೂಡಿ ಎಂದರು. ಹಾಗೆ ಪ್ರತಿ ಬೇಸಿಗೆ ನಾವು ಜೋಳದ ಹಿಟ್ಟಿನ ಚೀಲ, ಚಟ್ನಿಪುಡಿಯ ಡಬ್ಬಿ, ರೊಟ್ಟಿ ಬಡಿಯುವ ಕೊಣಮಿಗೆ, ಎಲ್ಲವನ್ನೂ ಲಾರಿಗೆ ಹೇರಿಕೊಂಡು ಶಿರಸಿಯ ಘಟ್ಟ ಇಳಿಯತೊಡಗಿದೆವು.

ಸಮುದ್ರ ನೋಡಲು ಹೋದವರಿಗೆ ಸಮುದ್ರ ಕಾಣುತ್ತದೆ. ನಮಗೆ ಕಂಡದ್ದು ಉಸುಕು. ಹಿಟ್ಟಿನಲ್ಲಿ ಉಸುಕು, ಹಾಸಿಗೆಯಲ್ಲಿ ಉಸುಕು, ಎಷ್ಟು ಗುಡಿಸಿದರೂ ಮುಗಿಯದ ಉಸುಕು. ಕಬ್ಬಿಣದ ಹಂಚು ಒಂದು ದಿನ ಎಣ್ಣೆ ಸವರದಿದ್ದರೆ ತುಕ್ಕು. ಸಿಹಿನೀರಿನ ಬಾವಿ ದಿಬ್ಬದ ಮೇಲೆ; ಕಡಲಲ್ಲಿ ಮಿಂದು ಬಂದವರು ಮೈಯ ಉಪ್ಪು ತೊಳೆಯಲು ಒಂದೊಂದು ಬಕೆಟ್ ಸಿಹಿನೀರಿಗೆ ಜಗಳ ಆಡುತ್ತಿದ್ದರು. ಸಾಹುಕಾರರು ಹೊತ್ತಾರೆ ಲಿಂಗಪೂಜೆ ಮುಗಿಸಿ, ವಾರದ ಹಿಂದಿನ ಪತ್ರಿಕೆ ಹಿಡಿದು ಜಗಲಿಯಲ್ಲಿ ಕೂತು ಹತ್ತಿಯ ಧಾರಣೆಯನ್ನೇ ಮಾತಾಡುವರು. ಹೆಂಗಸರು ಸಂಜೆ ಸೀರೆಯ ಅಂಚು ನೆನೆಯುವಷ್ಟು ಮಾತ್ರ ನೀರಿಗೆ ಇಳಿದು ಕಿಸಿಕಿಸಿ ನಗುವರು. ಜಟ್ಟಪ್ಪ ಎಂಬ ಮೀನುಗಾರ ಒಬ್ಬನಿದ್ದ. ಮೀಯುವವರ ಕೈ ಹಿಡಿದುಕೊಂಡು ಅಲೆಯಲ್ಲಿ ನಿಲ್ಲಿಸುವುದು ಅವನ ಬೇಸಿಗೆಯ ಕೆಲಸ.

ಗಿರಿಜೆ ಹರಿಹರದ ಹುಡುಗಿ. ಹೊಳೆಯ ದಂಡೆಯ ಮನೆ ಅವರದು. ಚನ್ನನಿಗೆ ಅವಳನ್ನು ತಂದದ್ದು ಅಪ್ಪ, ಅವನನ್ನು ಕೇಳಿರಲಿಲ್ಲ. ಅವಳು ಬಡಿದ ರೊಟ್ಟಿಗೆ ಅಂಚು ಒಡೆಯುತ್ತಿರಲಿಲ್ಲ. ಅವಳು ಬಂದ ಮೇಲೆ ನನ್ನ ಒಲೆಯ ಮುಂದಿನ ಹೊತ್ತು ಹಗುರವಾಯಿತು. ನಾವಿಬ್ಬರೂ ಎದುರು ಬದುರು ಕೂತು ರೊಟ್ಟಿ ಬಡಿಯುತ್ತ, ಹರಿಹರದ ಹೊಳೆ, ಅವಳ ಗೆಳತಿಯರು, ಅವಳಿಗೆ ಇನ್ನೂ ಮಕ್ಕಳಾಗದ್ದು — ಎಲ್ಲ ಮಾತಾಡುತ್ತಿದ್ದೆವು. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಹುಟ್ಟಿದ ಮನೆಯಲ್ಲೂ ಯಾರೂ ನನ್ನ ಮುಂದೆ ಅಷ್ಟು ಹೊತ್ತು ಕೂತಿರಲಿಲ್ಲ.

ಚನ್ನನ ಮನಸ್ಸು ಖಾನಾವಳಿಯಲ್ಲಿ ಇರಲಿಲ್ಲ. ಗಿರಿಜೆಯಲ್ಲೂ ಇರಲಿಲ್ಲ. ಅದು ಎಲ್ಲಿದೆ ಎನ್ನುವುದು ನನಗೆ ಎರಡನೆಯ ಬೇಸಿಗೆಯಲ್ಲೇ ತಿಳಿಯಿತು. ನಮಗೆ ತೆಂಗಿನಕಾಯಿ ತಂದುಕೊಡುತ್ತಿದ್ದ ನಾಗವೇಣಿ ಎಂಬ ಊರ ಮೀನುಗಾರರ ಹೆಣ್ಣು ಬಂದಾಗ, ಮನೆಯವರ ಹತ್ತಿರವೂ ಬಾಯಿ ಬಿಡದ ಹುಡುಗ ನಕ್ಕು ಮಾತಾಡುತ್ತಿದ್ದ. ಆ ಮಳೆಗಾಲದಲ್ಲಿ ನಾಗವೇಣಿ, ಗಿರಣಿ ಕೆಲಸದಲ್ಲಿದ್ದ ತನ್ನ ಅಣ್ಣನ ಜೊತೆ ಮುಂಬೈಗೆ ಹೋದಳೆಂದು ಕೇಳಿ, ಸದ್ಯ, ಒಂದು ತಲೆನೋವು ಹೋಯಿತು ಎಂದುಕೊಂಡೆ.

ಮರು ಬೇಸಿಗೆ. ಮಧ್ಯಾಹ್ನದ ಊಟ ಮುಗಿದು ಕೇರಿಯೆಲ್ಲ ನಿದ್ದೆಯಲ್ಲಿತ್ತು. ಗಿರಿಜೆ ಒಳಗೆ ಅಡ್ಡಾಗಿದ್ದಳು. ನಾನು ಹಿತ್ತಲಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಚನ್ನ ಒಂದು ಸಣ್ಣ ಚೀಲ ಹಿಡಿದು ಬಂದ. "ಅಕ್ಕಾ, ಒಂದು ನಿಮಿಷ ಬಾ" ಎಂದು ದಡದ ಬಂಡೆಗಳ ಕಡೆ ನಡೆದ. ಕೈಯ ಬೂದಿ ಹಾಗೆಯೇ ಇರುವಂತೆ ನಾನು ಹಿಂದೆ ಹೋದೆ.

ಬಂಡೆಯ ಮೇಲೆ ಕೂತು, ಹಳೆ ಚಪ್ಪಲಿ ಬಿಟ್ಟು, ಟವೆಲಿನಿಂದ ಕಾಲು ಒರೆಸಿಕೊಂಡು, ಹೊಸ ಬೂಟು ಹಾಕಿಕೊಳ್ಳುತ್ತ ಹೇಳಿದ. "ನಾನು ಹೊಂಟೆ ಅಕ್ಕಾ. ಮುಂಬೈಗೆ. ನಾಗವೇಣಿ ಕಾಯ್ತಾ ಅದಾಳೆ."

"ನೀನು ಮಾಡೋದು ಸರಿ ಐತೇನು?" ಎಂದೆ.

"ಸರಿ ಇಲ್ಲ. ಗೊತ್ತೈತೆ ನನಗೆ." ಅವನು ಲೇಸು ಕಟ್ಟುತ್ತಲೇ ಇದ್ದ. "ಅಪ್ಪಗೆ ಹೇಳಾಕ ಧೈರ್ಯ ಇಲ್ಲ, ಗಿರಿಜಾಗೆ ಹೇಳಾಕ ಮುಖ ಇಲ್ಲ. ನೀನು ಹೇಳು. ಇದ್ದದ್ದು ಇದ್ದಂಗೆ ಹೇಳು. ಅಳಲಿ, ಬೈಲಿ. ಹರಿಹರದೋರು ಬಂದು ಕರಕೊಂಡು ಹೋಗ್ಲಿ. ಬಿಡುಗಡೆ ಮಾಡಿಸಿ ಬ್ಯಾರೆ ಕಡೆ ಕೊಡ್ತಾರೆ, ಆಕೆಗಿನ್ನೂ ವಯಸ್ಸೈತೆ. ಇವತ್ತೇ ಹೇಳು ಅಕ್ಕಾ, ತಡ ಮಾಡಬ್ಯಾಡ."

ನೀರು ಇಳಿದಿತ್ತು. ಹಳ್ಳ ಕಡಲು ಸೇರುವ ಕೋಡಿಯನ್ನು ದಾಟಿ, ಆಚೆ ದಡದ ತೆಂಗಿನ ಸಾಲಿನಲ್ಲಿ ಅವನು ಮರೆಯಾಗುವವರೆಗೂ ನೋಡಿದೆ. ಆಚೆಯ ರಸ್ತೆಯಲ್ಲಿ ಕಾರವಾರದ ಕಡೆ ಹೋಗುವ ಲಾರಿಗಳು ಸಿಗುತ್ತಿದ್ದವು. ಬಂಡೆಯ ಮೇಲೆ ಚಪ್ಪಲಿ, ಟವೆಲು ಉಳಿದವು. ಎತ್ತಿಕೊಂಡು ಬರಬೇಕು ಎಂದು ನನಗೆ ಹೊಳೆಯಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಯಾವ ಸುಳ್ಳೂ ಇರಲಿಲ್ಲ — ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಹೇಳಲೇಬೇಕು ಎಂದುಕೊಂಡೇ ವಾಪಸು ಬಂದೆ. ಸಂಜೆಯ ಚಹಾ ಆಗಲಿ, ಆಮೇಲೆ ಹೇಳಿದರಾಯಿತು. ರಾತ್ರಿಯ ಅಡಿಗೆಗೆ ಇಡೋಣ, ಆಮೇಲೆ... ಗಿರಿಜೆ ಎದ್ದು, "ಇವರೆಲ್ಲಿ ಹೋದ್ರು ಅಕ್ಕಾ?" ಎಂದಾಗ, "ಬರ್ತಾನೆ ತಗೋ" ಎಂದೆ.

ಹೊತ್ತು ಮುಳುಗುವಾಗ ಯಾರೋ ಸಾಹುಕಾರರ ಮಕ್ಕಳು ಬಂಡೆಯ ಹತ್ತಿರ ಆಡುತ್ತ ಚಪ್ಪಲಿ, ಟವೆಲು ನೋಡಿದರು. ಅಷ್ಟು ಹೊತ್ತಿಗೆ ನೀರು ಏರಿ ಬಂಡೆಯ ಬುಡ ಮುಚ್ಚಿತ್ತು. ಕೇರಿಗೆ ಕೇರಿಯೇ ಓಡಿತು. ಅಪ್ಪ ಉಟ್ಟ ಪಂಚೆಯಲ್ಲೇ ಮೊಣಕಾಲು ನೀರಿನಲ್ಲಿ ನಿಂತು ಕೂಗುತ್ತಿದ್ದರು. ಗಿರಿಜೆ ಆ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ನನ್ನ ಕಡೆ ತಿರುಗಿದರು.

"ರುದ್ರೀ, ನೀನು ಹಿತ್ತಲಾಗಿದ್ದಿ. ಚನ್ನ ಈ ಕಡೆ ಬಂದದ್ದು ನೋಡಿದ್ಯೇನು?"

ಎಲ್ಲರೂ ನನ್ನನ್ನು ನೋಡಿದರು. ವರ್ತಕರು, ಅವರ ಹೆಂಡಂದಿರು, ಜಟ್ಟಪ್ಪ. ಅಷ್ಟು ಜನರ ಎದುರು, ನಿಮ್ಮ ಮಗ ಮೀನುಗಾರರ ಹೆಣ್ಣಿನ ಹಿಂದೆ ಓಡಿಹೋದ ಎಂದು ಅಪ್ಪನಿಗೆ ಹೇಗೆ ಹೇಳಲಿ — ಎಂದುಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಇತ್ತು. ಆದರೆ ಅದೊಂದೇ ಇರಲಿಲ್ಲ.

"ನೋಡಿದೆ" ಎಂದೆ. "ಸ್ನಾನ ಮಾಡಿ ಬರ್ತೀನಿ ಅಂದ."

ಅಷ್ಟೇ. ನಾನು ಆಡಿದ್ದು ಅಷ್ಟೇ ಮಾತು. ಗಿರಿಜೆಯ ಬಾಯಿಂದ ಒಂದು ಸದ್ದು ಬಂತು. ಅದನ್ನು ಅಳು ಎನ್ನಲಾರೆ. ಅವಳು ನೀರಿಗೆ ನುಗ್ಗಿದಾಗ ಹಿಡಿದು ನಿಲ್ಲಿಸಿದವಳೂ ನಾನೇ. ನನ್ನ ಕೈಯ ಹಿಟ್ಟು ಅವಳ ಸೀರೆಗೆ ಹತ್ತಿತು.

ಜಟ್ಟಪ್ಪ ಮತ್ತು ಅವನ ಜೊತೆಯವರು ದಿನಗಟ್ಟಲೆ ದೋಣಿ ಹಾಕಿ ಹುಡುಕಿದರು. ಒಮ್ಮೆ ಬಂಡೆಗೆ ಬಡಿದು ಅವರ ದೋಣಿಯೇ ಬಿರುಕು ಬಿಟ್ಟಿತು. ಇಲ್ಲದ ಹೆಣಕ್ಕಾಗಿ ಅವರು ಪ್ರಾಣ ಒತ್ತೆಯಿಟ್ಟು ತಿರುಗುವುದನ್ನು ನಾನು ದಡದಲ್ಲಿ ನಿಂತು ನೋಡಿದೆ. ಕೊನೆಗೆ ಜಟ್ಟಪ್ಪ ಬಂದು, "ಕಡಲು ಎಲ್ಲಾದ್ರೂ ತಂದು ಹಾಕಬೇಕಿತ್ತು ಅಮ್ಮ. ಯಾಕೋ ಕೊಡಲಿಲ್ಲ" ಎಂದು ತಲೆ ತಗ್ಗಿಸಿದ, ತಪ್ಪು ತನ್ನದೇ ಎನ್ನುವಂತೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಒಂದು ದಿನ ಕಳೆದ ಸುಳ್ಳನ್ನು ಹಿಂತೆಗೆದುಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ಆ ವಾರ ನನಗೆ ತಿಳಿಯಿತು. ಅದು ದಿನದಿನಕ್ಕೂ ಇನ್ನೂ ಕಷ್ಟವಾಗುತ್ತದೆ ಎನ್ನುವುದು ತಿಳಿದಿರಲಿಲ್ಲ.

ದಾವಣಗೆರೆಗೆ ಬಂದೆವು. ಗಿರಿಜೆಯ ಬಳೆ ಒಡೆದರು, ಹಣೆ ಒರೆಸಿದರು, ತಾಳಿ ಬಿಚ್ಚಿದರು. ಹಿಂದೊಮ್ಮೆ ಇದನ್ನೆಲ್ಲ ಮಾಡಿಸಿಕೊಂಡವಳು ನಾನು. ಒಡೆದ ಬಳೆಯ ಚೂರು ಮುಂಗೈಗೆ ಎಲ್ಲಿ ಚುಚ್ಚುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದ ಕಡೆ ನನ್ನ ಬೆರಳು ಅಡ್ಡ ಇಟ್ಟೆ. ನೋಡಿದವರು, ಎಂಥಾ ಕರುಳು ಎಂದರು.

ಗಿರಿಜೆಯ ಅಣ್ಣ ಶಿವಣ್ಣ ಅವಳನ್ನು ಹರಿಹರಕ್ಕೆ ಕರೆದುಕೊಂಡು ಹೋಗಲು ಬಂದ. ಆಗ ನಾನು ಆಡಿದ ಮಾತು ನೆನಪಿದೆ. "ಇಲ್ಲಿ ಆಕೆಗೆ ನಾನಿದ್ದೀನಿ ಶಿವಣ್ಣ. ಅಲ್ಲಿ ಹೋಗಿ ಕೂತರೆ ಚಿಂತೆ ಹತ್ತಿ ಸಾಯ್ತಾಳೆ. ಇಲ್ಲಿ ಕೈಗೆ ಕೆಲಸ ಐತೆ." ಗಿರಿಜೆ ನನ್ನ ಸೆರಗು ಹಿಡಿದುಕೊಂಡು, "ನಾನು ಅಕ್ಕನ ಹತ್ರ ಇರ್ತೀನಣ್ಣ" ಎಂದಳು. ಅವಳು ಹೋಗಿಬಿಟ್ಟರೆ ರೊಟ್ಟಿ ಬಡಿಯುವವರು ಯಾರು ಎನ್ನುವ ಯೋಚನೆ ನನಗೆ ಬಂದಿತ್ತು. ಅದಕ್ಕಿಂತ ಒಳಗೆ ಇನ್ನೊಂದು ಇತ್ತು. ಆ ಮನೆಯಲ್ಲಿ ಇಷ್ಟು ದಿನ ಬರಿಯ ಹಣೆಯವಳು ನಾನೊಬ್ಬಳೇ. ಹಬ್ಬಕ್ಕೆ ಅರಿಶಿನ ಕುಂಕುಮ ಕೊಡುವಾಗ ಒಳಗೆ ಹೋಗಿ ಕೂಡುವವಳು ನಾನೊಬ್ಬಳೇ. ಈಗ ಒಳಗೆ ಕೂಡಲು ನನಗೆ ಜೊತೆಯಾಗಿತ್ತು. ಆ ಮೊದಲ ಹಬ್ಬದ ದಿನ, ಕತ್ತಲೆಯ ಉಗ್ರಾಣದಲ್ಲಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ, ನನಗೆ — ಹೇಗೆ ಬರೆಯಲಿ — ನನಗೆ ಸಮಾಧಾನವಾಗಿತ್ತು.

ಮುಂದಿನ ಬೇಸಿಗೆ ಕಡಲೂರಿಗೆ ಹೋಗುವುದು ಬೇಡ ಎಂದು ಅಪ್ಪ ಅಂದರು. ಹೋಗಲೇಬೇಕು ಎಂದವಳು ಗಿರಿಜೆ. "ಅವರು ಇರೋ ಜಾಗ ಅದೇ ಅಲ್ವೇನ್ರಿ ಮಾವ. ಗದ್ದಿಗೆ ಇಲ್ಲ, ಏನಿಲ್ಲ. ನಾನು ಎಲ್ಲಿ ಹೂ ಇಡ್ಲಿ?" ಎಂದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ಒಪ್ಪಿದರು.

ಹಾಗೆ ವರ್ಷ ವರ್ಷವೂ ಹೋದೆವು. ಹೊತ್ತಾರೆಯ ಉಪ್ಪಿಟ್ಟು, ಮಧ್ಯಾಹ್ನದ ರೊಟ್ಟಿ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ. ಮಂಡಕ್ಕಿ ಅಲ್ಲಿಯ ಗಾಳಿಗೆ ಗಳಿಗೆಯಲ್ಲಿ ಮೆತ್ತಗಾಗುತ್ತಿತ್ತು. ಗಿರಿಜೆ ಅದನ್ನು ಬಿಸಿ ಹಂಚಿನ ಮೇಲೆ ಗರಿಗರಿ ಮಾಡಿ ಕೊಡುತ್ತಿದ್ದಳು. ಪ್ರತಿ ಸೋಮವಾರ ಬಂಡೆಯ ಮೇಲೆ ವಿಭೂತಿ, ಎರಡು ಹೂ. ನೀರಿಗೆ ಇಳಿಯುವವರನ್ನು ಕಂಡರೆ ಅವಳ ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ. ದಡಕ್ಕೆ ಹೋಗಿ ನಿಂತು, "ಸಾಕು ಬರ್ರಿ, ನೀರು ಏರ್ತೈತೆ, ಮ್ಯಾಲೆ ಬರ್ರಿ" ಎಂದು ಕರೆಯುತ್ತಿದ್ದಳು. ಕೆಲವು ಹೆಂಗಸರು ಮಕ್ಕಳಿಗೆ ಅವಳನ್ನು ತೋರಿಸಿ ಹೆದರಿಸುತ್ತಿದ್ದರು: ಮಾತು ಕೇಳದಿದ್ದರೆ ಆಕೆಯ ಗಂಡನ ಹಾಗೆ ಆಗುತ್ತೀಯ ಎಂದು. ಕೆಲವರು ಬೆಳಿಗ್ಗೆ ಎದ್ದು ಅವಳ ಮುಖ ನೋಡಬಾರದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳಿಗೆ ಅದು ತಿಳಿದು, ಹೊತ್ತಾರೆ ನೀರು ತರಲು ಕೇರಿಯ ಹಿಂದಿನ ಮುಳ್ಳುದಾರಿಯಲ್ಲಿ ಸುತ್ತಿ ಹೋಗುತ್ತಿದ್ದಳು. ಇದನ್ನೆಲ್ಲ ನೋಡುತ್ತ ನಾನು ಹಿಟ್ಟು ನಾದುತ್ತಿದ್ದೆ.

ಅಪ್ಪ ತೀರಿಕೊಂಡರು. ಸಾಯುವಾಗ ಮಗನ ಹೆಸರು ಹಿಡಿದು, "ನೀರಾಗೆ ಹೋದ ನನ್ನ ಕೂಸು" ಎಂದರು. ಅಪ್ಪನ ಮಾನ ಕಾಯಲು ಆಡಿದ ಸುಳ್ಳಾಗಿದ್ದರೆ ಅಪ್ಪ ಹೋದ ದಿನ ಅದು ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಲ್ಲಿಗೆ ಆ ನೆಪವೂ ನನ್ನ ಕೈ ಬಿಟ್ಟಿತು.

ಖಾನಾವಳಿ ನಮ್ಮಿಬ್ಬರದಾಯಿತು. ಮಂಡಿಪೇಟೆಯಲ್ಲಿ ಅದನ್ನು ಅಕ್ಕತಂಗಿಯರ ಖಾನಾವಳಿ ಎಂದು ಕರೆಯತೊಡಗಿದರು. ಆ ಹೊತ್ತಿಗೆ ಶಿವಣ್ಣ ಒಂದು ಮಾತು ತಂದ. ಮಲೆಬೆನ್ನೂರಿನ ಕಡೆಯ ಒಬ್ಬರು, ಭತ್ತದ ಗದ್ದೆ ಇದ್ದವರು, ಹೆಂಡತಿ ತೀರಿಕೊಂಡು ಒಂದು ಸಣ್ಣ ಹೆಣ್ಣುಮಗುವಿನ ಜೊತೆ ಇದ್ದರು. ಉಡಿಕೆ ಮಾಡಿಕೊಳ್ಳಲು ಒಪ್ಪಿದ್ದರು. ಅವರು ಒಮ್ಮೆ ಖಾನಾವಳಿಗೆ ಊಟಕ್ಕೆ ಬಂದು ಹೋದರು. ತಗ್ಗಿದ ದನಿಯ ಮನುಷ್ಯ. ಊಟ ಮುಗಿಸಿ, ತಾನುಂಡ ಎಲೆಯನ್ನು ತಾನೇ ಎತ್ತಿದರು.

ಅವರು ಹೋದ ಮೇಲೆ ಗಿರಿಜೆ ಮತ್ತೆ ರೊಟ್ಟಿ ಬಡಿಯಲು ಕೂತಳು. ಆಮೇಲೆ ತಲೆ ಎತ್ತದೆ, "ಆ ಕೂಸಿಗೆ ತಲೆ ಬಾಚೋರು ಯಾರೂ ಇಲ್ಲಂತೆ ಅಕ್ಕಾ. ನಿಮಗೆ ಹೆಂಗೆ ಅನ್ನಿಸ್ತೈತೆ?" ಎಂದಳು. ಅವಳ ಕಿವಿ ಕೆಂಪಾಗಿತ್ತು. ಇಷ್ಟು ವರ್ಷಗಳಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ.

"ನೋಡಾನ" ಎಂದೆ.

ನೋಡಿದೆ. ವಾರದೊಳಗೆ ಆ ಮಲೆಬೆನ್ನೂರಿನವರ ಅಕ್ಕ ವಿಚಾರಿಸಿಕೊಂಡು ಹೋಗಲು ಬಂದರು. ಗಿರಿಜೆ ಸಂತೆಗೆ ಹೋಗಿದ್ದಳು. "ಹುಡುಗಿ ಹೆಂಗೆ ಅಕ್ಕಾರೆ? ನೀವು ಜೊತೆಗೇ ಇದ್ದೋರು, ನೀವು ಹೇಳಿದ್ರೆ ಮುಗೀತು" ಎಂದು ಆಕೆ ಕೇಳಿದರು.

"ಬಂಗಾರದಂಥ ಹುಡುಗಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬೇಕೆಂದೇ ಸುಮ್ಮನಿದ್ದೆ. "ಒಂದೇ ಒಂದು... ಆಗಾಗ ಮೂರ್ಛೆ ಬರ್ತೈತೆ. ಗಂಡ ಹೋದಾಗಿಂದ. ಹೇಳದಿದ್ರೆ ನಿಮಗೆ ಮೋಸ ಮಾಡಿದಂಗೆ ಆಗ್ತೈತೆ, ಸಣ್ಣ ಕೂಸು ಇರೋ ಮನೆ."

ಆಕೆ ನನ್ನ ಕೈ ಹಿಡಿದುಕೊಂಡು ಉಪಕಾರ ಮಾಡಿದಿರಿ ಎಂದರು. ಅಲ್ಲಿಂದ ಮತ್ತೆ ಮಾತು ಬರಲಿಲ್ಲ. ಗಂಡ ಬದುಕಿರುವ ಹೆಣ್ಣಿಗೆ ಉಡಿಕೆ ಮಾಡಿಸುವ ಪಾಪ ಯಾಕೆ ಎಂದು ಆ ರಾತ್ರಿ ನನಗೆ ನಾನು ಹೇಳಿಕೊಂಡೆ. ಆ ಪಾಪದಿಂದ ಪಾರಾಗಲು ಇನ್ನೊಂದು ದಾರಿ ಇತ್ತಲ್ಲ — ನಿಜ ಹೇಳುವುದು. ಅದು ನೆನಪಿಗೆ ಬಂತು. ಬಂದ ಹಾಗೆಯೇ ಕಳಿಸಿದೆ. ಗಿರಿಜೆ ಕೆಲವು ದಿನ ಬಾಗಿಲ ಸದ್ದಾದಾಗಲೆಲ್ಲ ತಿರುಗಿ ನೋಡಿದಳು. ಆಮೇಲೆ ಒಂದು ದಿನ, "ನನ್ನ ಕಾಲ್ಗುಣ ಅವರಿಗೂ ಗೊತ್ತಾಗಿರಬೇಕು ಬಿಡ್ರಿ" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅದಾದ ಮರುವರ್ಷ ಚನ್ನ ಬಂದ.

ಒಬ್ಬ ಹಮಾಲ ಖಾನಾವಳಿಗೆ ಬಂದು, ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ನಿಮ್ಮನ್ನು ಕರೆಯುತ್ತಿದ್ದಾರೆ ಎಂದ. ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಅವನು ಕೂತಿದ್ದ. ಮೈ ಇಳಿದಿತ್ತು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಗಿರಣಿಯ ಯಂತ್ರದ ಸದ್ದಿಗೆ ಒಂದು ಕಿವಿ ಮಂದವಾಗಿದೆ ಎಂದ. ಇಬ್ಬರು ಮಕ್ಕಳು. ಮುಂಬೈಯಲ್ಲಿ ತಾನಿರುವ ಚಾಳಿನ ಹೆಸರು ಹೇಳಿದ. ಅಪ್ಪ ಹೋದದ್ದನ್ನು, ಅವನ ಗುರುತಿಲ್ಲದ ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬನ ಬಾಯಲ್ಲಿ ಕೇಳಿ ಬಂದಿದ್ದ. ಊರೊಳಗೆ ಬರಲು ಹೆದರಿಕೆ. ತಾನು ಇಲ್ಲಿ ಸತ್ತವನು ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಓಡಿಹೋದವನು ಎಂದಷ್ಟೇ ತಿಳಿದಿದ್ದಾರೆ ಎಂದುಕೊಂಡಿದ್ದ.

ಅತ್ತು ಮುಗಿಸಿದ ಮೇಲೆ ಕೇಳಿದ. "ಗಿರಿಜಾ? ಆಕೆಗೆ ಹೇಳ್ದೆ ತಾನೆ?"

"ಹೇಳ್ದೆ."

"ಬೈದ್ಲಾ?"

"ಬೈದ್ಲು. ಆಮ್ಯಾಲೆ ಸುಮ್ಮನಾದ್ಲು."

"ಬ್ಯಾರೆ ಮದುವೆ ಆತಾ?"

ಗಿರಿಜೆ ಆ ದಿನ ಹರಿಹರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವನು ವಾಪಸು ಹೋಗುವ ರೈಲು ಹರಿಹರದ ಸೇತುವೆಯ ಮೇಲೆಯೇ ಹೋಗಬೇಕು. ಆ ಹೊತ್ತಿಗೆ ಅವಳು ಸೇತುವೆಯ ಕೆಳಗೆ ಬಟ್ಟೆ ಒಗೆಯುತ್ತ ಇರಬಹುದಾಗಿತ್ತು.

"ಆತು" ಎಂದೆ. "ಮಲೆಬೆನ್ನೂರಿಗೆ ಕೊಟ್ಟರು. ಭತ್ತದ ಗದ್ದೆ ಐತೆ. ಒಳ್ಳೆ ಮನುಷ್ಯ, ಊಟ ಮಾಡಿದ ಎಲೆ ತಾನೇ ಎತ್ತಾನೆ. ಒಂದು ಹೆಣ್ಣು ಕೂಸು ಐತೆ, ಗಿರಿಜಾನ ಬಿಟ್ಟು ಯಾರ ಕೈಲೂ ತಲೆ ಬಾಚಿಸಿಕೊಳ್ಳಾದಿಲ್ಲ."

ಅವಳಿಂದ ನಾನು ಕಿತ್ತುಕೊಂಡ ಬಾಳನ್ನು ಅವಳು ಬಾಳುತ್ತಿದ್ದಾಳೆ ಎಂಬಂತೆ ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ಆ ಮನೆ, ಆ ಅಂಗಳ, ಆ ಮಗು, ನನಗೇ ಕಣ್ಣಿಗೆ ಕಟ್ಟಿದವು. ಚನ್ನ ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಇಷ್ಟು ದಿನ ಎದೆ ಮ್ಯಾಲೆ ಕಲ್ಲು ಇಟ್ಟಂಗಿತ್ತು ಅಕ್ಕಾ. ನೀನು ದೊಡ್ಡಾಕೆ" ಎಂದ. ನನ್ನ ಕಾಲು ಮುಟ್ಟಿ ರೈಲು ಹತ್ತಿದ. ಅದಾದ ಮೇಲೆ ಅವನು ಬರಲಿಲ್ಲ. ಬರಬೇಕಾದ ಕಾರಣವನ್ನು ನಾನು ತೆಗೆದುಹಾಕಿದ್ದೆ.

ಗಿರಿಜೆಗೆ ಕಾಲು ಬಾಯತೊಡಗಿತು. ಮೊದಲು ಸಂಜೆಯ ಹೊತ್ತು ಮಾತ್ರ, ಆಮೇಲೆ ದಿನವಿಡೀ, ಮುಖವೂ ಊದಿಕೊಂಡಿತು. ಡಾಕ್ಟರು ಉಪ್ಪು ಬಿಡಿ, ವಿಶ್ರಾಂತಿ ಕೊಡಿ ಎಂದರು. ನಾವು ಕೊನೆಯ ಸಲ ಕಡಲೂರಿಗೆ ಹೋದ ಬೇಸಿಗೆ ಅದು. ವರ್ತಕರ ಮಕ್ಕಳು ದೊಡ್ಡವರಾಗಿ ಊಟಿ, ಮೈಸೂರು ಎನ್ನತೊಡಗಿದ್ದರು. ಕೇರಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಗಿರಿಜೆ ಬಂಡೆಯವರೆಗೆ ನಡೆಯಲಾರದೆ, ಹೂವನ್ನು ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದಳು. ನಾನು ಒಯ್ದು ಇಡುತ್ತಿದ್ದೆ.

ಹೊರಡುವ ಮುಂಚಿನ ದಿನ. ಮಳೆಗೆ ಮುಂಚೆ ಗೋಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟುವ ಕೆಲಸ ನಡೆದಿತ್ತು. ನಾನು ಹೂ ಇಟ್ಟು ವಾಪಸು ಬಂದಾಗ ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಸಮುದ್ರ ನೋಡುತ್ತಿದ್ದಳು. "ಇಟ್ಟು ಬಂದ್ರಾ ಅಕ್ಕಾ?" ಎಂದು ಕೇಳಿದಳು. ಆ ಕೇಳಿದ ರೀತಿಗೆ — ನನ್ನಿಂದ ಆಗಲಿಲ್ಲ. ಅವಳ ಪಕ್ಕದಲ್ಲಿ ಕೂತು ಹೇಳಿದೆ.

"ಗಿರಿಜಾ, ಚನ್ನ ಸತ್ತಿಲ್ಲ. ಅವತ್ತು ನನಗೆ ಹೇಳಿ ಮುಂಬೈಗೆ ಹೋದ. ನಾಗವೇಣಿ ಹತ್ರ. ನಾನು ಸುಳ್ಳು ಹೇಳಿದೆ."

ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಊದಿದ ಕೈಯನ್ನು ನನ್ನ ಕೈಯ ಮೇಲೆ ಇಟ್ಟಳು.

"ಯಾಕ ಅಕ್ಕಾ ಹಿಂಗೆ ಮಾತಾಡ್ತೀರಿ? ನಾನು ಉಳಿಯಾದಿಲ್ಲ ಅಂತ ಸಮಾಧಾನಕ್ಕೆ ಹೇಳ್ತೀರಿ. ಗೊತ್ತಾಗ್ತೈತೆ ನನಗೆ."

"ಇಲ್ಲ ಗಿರಿಜಾ, ನಿಜ."

"ಅವರು ಬದುಕಿದ್ದು, ಅದು ನಿಮಗೆ ಗೊತ್ತಿದ್ದು, ಇಷ್ಟು ವರ್ಷ ನನ್ನ ಕೈಲಿ ಆ ಬಂಡೆ ಮ್ಯಾಲೆ ಹೂ ಇಡಿಸ್ತಿದ್ರೇನು? ನೀವು ಅಂಥೋರಲ್ಲ." ಅವಳು ನಕ್ಕಳು. ಮಗುವಿಗೆ ಸಮಾಧಾನ ಹೇಳುವ ಹಾಗೆ ನನ್ನ ಕೈ ಸವರಿದಳು. "ನನಗೆ ದುಃಖ ಇಲ್ಲ ಬಿಡ್ರಿ. ನನಗೆ ನೀವಿದ್ರಿ."

ಚನ್ನ ಇರುವ ಚಾಳಿನ ಹೆಸರು ನನಗೆ ಗೊತ್ತಿತ್ತು. ಸ್ಟೇಷನ್ನಿನ ಬೆಂಚು, ಅವನ ಮಂದವಾದ ಕಿವಿ, ಮಲೆಬೆನ್ನೂರಿನವರಿಗೆ ನಾನು ಹೇಳಿದ ಮೂರ್ಛೆಯ ಮಾತು — ಇನ್ನು ಒಂದು ಮಾತು ಆಡಿದ್ದರೆ ಅವಳು ನಂಬುತ್ತಿದ್ದಳು. ನಾನು ಆಡಲಿಲ್ಲ. ಅವಳು ಹಿಡಿದ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ. ಹೇಳಿದ್ದೇನೆ, ನಂಬುವುದು ಬಿಡುವುದು ಅವಳಿಗೆ ಸೇರಿದ್ದು ಎಂದು ನನ್ನೊಳಗೆ ಒಂದು ನೆಮ್ಮದಿ ಮೂಡಿತು. ನಾನು ಮಾಡಿದ್ದರಲ್ಲೆಲ್ಲ ಆ ನೆಮ್ಮದಿಯೇ ನನಗೆ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

ಆ ಮಳೆಗಾಲದಲ್ಲಿ ಅವಳು ಹರಿಹರದ ಅಣ್ಣನ ಮನೆಯಲ್ಲಿ ತೀರಿಕೊಂಡಳು. ಹೊಳೆ ತುಂಬಿ ಹರಿಯುತ್ತಿತ್ತು. ಸಮಾಧಿಯ ಗುಂಡಿಯಲ್ಲಿ ಅವಳನ್ನು ಕೂಡಿಸಿ, ಪತ್ರೆ ವಿಭೂತಿ ಇಟ್ಟ ಮೇಲೆ, ಶಿವಣ್ಣ ಎಲ್ಲರನ್ನೂ ಹಿಂದೆ ಸರಿಸಿ ನನ್ನನ್ನು ಮುಂದೆ ಕರೆದ.

"ಮೊದಲ ಹಿಡಿ ನೀವು ಹಾಕ್ರಿ ಅಕ್ಕಾರೆ. ಆಕೆಗೆ ನಿಮಗಿಂತ ಹತ್ತಿರದೋರು ಯಾರಿದ್ರು?"

ಸುತ್ತಲಿದ್ದವರು ಹೌದು ಹೌದು ಎಂದರು. ಯಾರೋ ನನ್ನ ರಟ್ಟೆ ಹಿಡಿದು ಗುಂಡಿಯ ಅಂಚಿಗೆ ಕರೆತಂದರು. ಮಣ್ಣು ಮಳೆಗೆ ನೆನೆದು ಭಾರವಾಗಿತ್ತು. ಹಿಡಿ ತುಂಬ ತೆಗೆದುಕೊಂಡು ಹಾಕಿದೆ. ನನ್ನ ಕೈ ಹಿಂಜರಿಯಲಿಲ್ಲ — ಅದನ್ನೂ ಹೇಳಿಬಿಡಬೇಕು.